ಪುಣೆಯಲ್ಲಿ ಮರೆತ ಕಥೆ ಹೆಕ್ಕುವವರಿಗೆ 11 ಸೂತ್ರಗಳು

ನೀವು ಪುಣೆಗೆ ಬಂದಿದ್ದು ಓದಲಿಕ್ಕೋ ಕೆಲಸಕ್ಕೋ. ಹಿಂಜವಡಿಯಲ್ಲಿ ಆಫೀಸು, ವಾಕಡ್‌ನಲ್ಲಿ ಪಿ.ಜಿ., ವಾರಕ್ಕೊಮ್ಮೆ ಡೆಕ್ಕನ್ ಕಡೆ ಒಂದು ಸುತ್ತು. ಊರು ನೋಡಿ ಮುಗಿಯಿತು ಅಂದುಕೊಂಡಿದ್ದೀರಿ. ಇಲ್ಲ, ಇನ್ನೂ ಶುರುವೇ ಆಗಿಲ್ಲ. ದಿನಾ ಓಡಾಡುವ ದಾರಿಯಲ್ಲೇ ಯಾರೂ ಎತ್ತಿಕೊಳ್ಳದ ಕಥೆಗಳು ಬಿದ್ದಿವೆ. ಅವನ್ನು ಹುಡುಕುವುದು ರಿಸರ್ಚ್. ನಿಜವೋ ಸುಳ್ಳೋ ನೋಡುವುದು ವೆರಿಫಿಕೇಶನ್. ಕೇಳುವವರು ಮೊಬೈಲ್ ಕೆಳಗಿಡುವಂತೆ ಹೇಳುವುದು ಪ್ರೆಸೆಂಟೇಶನ್. ಕಂಪನಿಗಳು ದುಡ್ಡು ಕೊಟ್ಟು ಕಲಿಸುವ ಮೂರು ಸ್ಕಿಲ್ ಇಲ್ಲಿ ಪುಕ್ಕಟೆ ಸಿಗುತ್ತವೆ. ಶೂ ಹಾಕಿಕೊಳ್ಳಿ.

1. "ಇದು ನಮ್ಮೂರಲ್ಲ" ಎನ್ನುವ ಚಾಳಿ ಬಿಡಿ

ಇದು ವಿನಯವಲ್ಲ, ಸೋಮಾರಿತನ. ಜಂಗಲಿ ಮಹಾರಾಜ್ ರೋಡಿಗೆ ಹೋಗಿ. ಶೋರೂಮು, ಪಾರ್ಕಿಂಗ್ ಜಗಳ, ಹಾರ್ನ್ ಎಲ್ಲದರ ಪಕ್ಕದಲ್ಲೇ ಪಾತಾಳೇಶ್ವರ ಗುಹಾಲಯವಿದೆ. ಮೆಟ್ಟಿಲಿಳಿಯಿರಿ. ಕಪ್ಪು ಬಂಡೆಯನ್ನೇ ಕೊರೆದು ಮಾಡಿದ ಗುಡಿ, ಎದುರಿಗೆ ದಪ್ಪ ಕಂಬಗಳ ಮೇಲೆ ಕೊಡೆಯಂತೆ ಕೂತ ದುಂಡನೆಯ ನಂದಿಮಂಟಪ. ಕಾಲ 8ನೇ ಶತಮಾನ, ಆಳ್ವಿಕೆ ರಾಷ್ಟ್ರಕೂಟರದು. ತಳೇಗಾಂವ್‌ನಲ್ಲಿ ಸಿಕ್ಕ ಕ್ರಿ.ಶ. 768ರ ತಾಮ್ರಶಾಸನದಲ್ಲಿ ಈ ಸೀಮೆಯ ಹೆಸರು ಪುನಕ ವಿಷಯ ಎಂದಿದೆ. ಆ ಶಾಸನ ಒಂದನೇ ಕೃಷ್ಣನದು. ಎಲ್ಲೋರದ ಕೈಲಾಸ ದೇವಾಲಯ ಕೊರೆಸಿದವನೂ ಅವನೇ. ಮುಂದೆ ಅದೇ ಮನೆತನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ಕೂತು ಆಳಿತು, ಅವರ ಆಸ್ಥಾನದಲ್ಲಿ ಕವಿರಾಜಮಾರ್ಗ ಹುಟ್ಟಿತು.

ಪುಣೆಯ ಹೆಸರು ಹೇಳುವ ಅತ್ಯಂತ ಹಳೆಯ ದಾಖಲೆಗಳಲ್ಲೊಂದು ನಿಮ್ಮ ಹೈಸ್ಕೂಲ್ ಪಾಠದ ರಾಜರದು. ಇನ್ನೆಲ್ಲಿಯ ಹೊರಗಿನವರು ನೀವು? ಹಾಗಂತ ಎದೆಯುಬ್ಬಿಸಿ "ಪುಣೆ ನಮ್ಮದು" ಎಂದು ರೀಲ್ ಮಾಡಲು ಹೋಗಬೇಡಿ. ಅಂಥ ರೀಲ್‌ನಿಂದ ಜಗಳ ಸಿಗುತ್ತದೆ, ಕಥೆ ಸಿಗುವುದಿಲ್ಲ.

ಭಾಷೆಯ ನೆಪವೂ ಬೇಡ. ಮರಾಠಿ ಬರೆಯುವುದು ದೇವನಾಗರಿಯಲ್ಲಿ. ಶಾಲೆಯಲ್ಲಿ ಹಿಂದಿ ಕಲಿತವರಿಗೆ ಬೋರ್ಡು ಓದಲು ಬಂದೇ ಬರುತ್ತದೆ.

2. ಬಸ್‌ಸ್ಟಾಪ್ ಹೆಸರು ಬರೆದುಕೊಳ್ಳಿ

ನಿಮ್ಮ ರೂಟ್‌ನ ಐದು ಹೆಸರು ಸಾಕು. ಆಳಿದವರು ಬದಲಾದರೂ ಜನರ ಬಾಯಿ ಸುಲಭವಾಗಿ ಬದಲಾಗುವುದಿಲ್ಲ. ಅದಕ್ಕೇ ಹೆಸರಿನಿಂದ ಶುರು ಮಾಡಬೇಕು.

ಡೆಕ್ಕನ್ ಬಳಿ ಮುಠಾ ನದಿ ದಾಟುವ ಸೇತುವೆಗೆ ಕಾಗದದ ಮೇಲೆ ಸಂಭಾಜಿ ಸೇತುವೆ ಎಂದು ಹೆಸರು. ಆಟೋದವರು ಅನ್ನುವುದು ಲಕ್ಡಿ ಪೂಲ್, ಮರದ ಸೇತುವೆ. ಮರ ಹುಡುಕಿದರೆ ಒಂದು ಚೂರೂ ಇಲ್ಲ. 1761ರಲ್ಲಿ ಪಾಣಿಪತ್‌ನಲ್ಲಿ ಮರಾಠರು ಸೋತ ನಂತರ ಇಲ್ಲಿ ಮೊದಲು ಎದ್ದದ್ದು ಮರದ ಸೇತುವೆ. ಸೋತು ಬರುವ ಸೈನಿಕರು ಊರವರ ಕಣ್ಣು ತಪ್ಪಿಸಿ ಮನೆ ಸೇರಲಿ ಎಂದು ಕಟ್ಟಿಸಿದರೆಂಬ ಕಥೆ ಇದೆ. ಸದಾಶಿವ್ ಪೇಠ್‌ಗೆ ಹೆಸರು ಕೊಟ್ಟ ಸದಾಶಿವರಾವ್ ಭಾವೂ ಅದೇ ಯುದ್ಧದ ಸೇನಾಪತಿ. ಒಂದು ಸೇತುವೆ, ಒಂದು ಬಡಾವಣೆ, ನಡುವೆ ಒಂದು ಸೋಲು. ಹತ್ತು ನಿಮಿಷದ ನಡಿಗೆಯಲ್ಲಿ ಎರಡನ್ನೂ ಮುಟ್ಟಬಹುದು.

ದೇವರ ಹೆಸರನ್ನಂತೂ ಬಿಡಲೇಬೇಡಿ. ಜಿಲೇಬಿ ಮಾರುತಿ, ಕಳ್ಳಿಗಿಡದ ವಿಠೋಬ, ಕೊಲೆಯ ಮುರಳೀಧರ, ಗುಪ್‌ಚುಪ್ ಗಣಪತಿ, ಉಪವಾಸದ ವಿಠೋಬ. ಪುಣೆಯವರು ದೇವರಿಗೂ ಅಡ್ಡಹೆಸರಿಡುತ್ತಾರೆ. ಒಂದೊಂದು ಅಡ್ಡಹೆಸರಿನ ಹಿಂದೆಯೂ ಒಂದು ಘಟನೆ, ಒಂದು ಅಂಗಡಿಸಾಲು ಅಥವಾ ಒಂದು ರಕ್ತಪಾತ ಇದೆ.

3. ನೀರಿನ ಜಾಡು ಹಿಡಿಯಿರಿ

ಒಂದೇ ಸೂತ್ರ ಪಾಲಿಸುವಷ್ಟು ಟೈಮ್ ಇದ್ದರೆ ಇದನ್ನೇ ಪಾಲಿಸಿ. ರಾಜರು ಎಲ್ಲಿ ಮಲಗುತ್ತಿದ್ದರು ಎನ್ನುವುದಕ್ಕಿಂತ ಊರು ಎಲ್ಲಿ ನೀರು ಕುಡಿಯುತ್ತಿತ್ತು ಎನ್ನುವುದರಲ್ಲಿ ಹೆಚ್ಚು ಇತಿಹಾಸವಿದೆ.

ಫಡ್ಕೆ ಹೌದ್ ಎಂಬ ಚೌಕದಲ್ಲಿ ನಿಂತು ನೋಡಿ. ಹೌದ್ ಅಂದರೆ ನೀರಿನ ತೊಟ್ಟಿ. ತೊಟ್ಟಿ ಇಲ್ಲ, ಟ್ರಾಫಿಕ್ ಇದೆ. ಊರಲ್ಲಿ ಕಾಳಾ ಹೌದ್, ಬದಾಮಿ ಹೌದ್, ಬಾಹುಲಿ ಹೌದ್, ಸದಾಶಿವ್ ಪೇಠ್ ಹೌದ್ ಎಂದು ಇಂಥ ಹೆಸರು ಸಾಲು ಸಾಲು. ಇವುಗಳಿಗೆ ನೀರು ಬರುತ್ತಿದ್ದದ್ದು ಕಾತ್ರಜ್ ಕೆರೆಯಿಂದ. 18ನೇ ಶತಮಾನದ ಮಧ್ಯದಲ್ಲಿ ನಾನಾಸಾಹೇಬ ಪೇಶ್ವೆ ಕಾತ್ರಜ್‌ನಲ್ಲಿ ಒಡ್ಡು ಕಟ್ಟಿಸಿ, ಅಲ್ಲಿಂದ ತನ್ನ ಅರಮನೆ ಶನಿವಾರವಾಡಾದವರೆಗೆ ನೆಲದಡಿ ಕಲ್ಲು-ಗಾರೆಯ ಕಾಲುವೆ ಹಾಕಿಸಿದ. ಮನುಷ್ಯ ಒಳಗಿಳಿದು ನಡೆಯುವಷ್ಟು ಎತ್ತರದ ಕಾಲುವೆ. ಪಂಪಿಲ್ಲ, ಮೋಟಾರಿಲ್ಲ, ಬರೀ ಇಳಿಜಾರು. ದಾರಿಯಲ್ಲಿ ಕೆಸರು ತಂಗಲು ಗುಂಡಿಗಳು. ಒಳಗಿನ ಗಾಳಿ ಹೊರಹೋಗಲು ಉಚ್ಛ್ವಾಸ ಎಂಬ ಕಲ್ಲಿನ ಗೂಡುಗಳು. ಕೊನೆಯಲ್ಲಿ ಪೇಠ್‌ಗಳ ತೊಟ್ಟಿಗಳು.

2019ರಲ್ಲಿ ಸ್ವಾರ್‌ಗೇಟ್‌ನಲ್ಲಿ ಮೆಟ್ರೊಗಾಗಿ ನೆಲ ಅಗೆದಾಗ ಹಳೆಯ ನೀರಿನ ಸುರಂಗವೊಂದು ಬಾಯ್ತೆರೆದು ನಿಂತಿತು. ಅದರ ಮೇಲೆ ದಿನಾ ಸಾವಿರಾರು ಜನ ಬಸ್ ಹತ್ತಿಳಿಯುತ್ತಿದ್ದರು.

ಈಗ ಇನ್ನೊಂದು ಕೆರೆಗೆ ಹೋಗಿ, ಖಡಕ್‌ವಾಸ್ಲಾಕ್ಕೆ. ಭಾನುವಾರ ಜೋಳದ ತೆನೆ, ಕಾಂದಾ ಭಜಿ ತಿನ್ನಲು ಹೋಗುತ್ತೀರಲ್ಲ, ಅದೇ ಜಾಗ. ಮುದ್ದೇನಹಳ್ಳಿಯ ಹುಡುಗನೊಬ್ಬ ಪುಣೆಯ ಸೈನ್ಸ್ ಕಾಲೇಜಿನಲ್ಲಿ, ಅಂದರೆ ಇಂದಿನ ಸಿ.ಒ.ಇ.ಪಿ.ಯಲ್ಲಿ ಓದಿ 1883ರಲ್ಲಿ ಎಂಜಿನಿಯರಿಂಗ್ ಮುಗಿಸಿದ. ಮುಂಬಯಿ ಪ್ರಾಂತ್ಯದ ಪಿ.ಡಬ್ಲ್ಯು.ಡಿ.ಗೆ ಸೇರಿದ. ಕೋಡಿ ಹರಿದು ಪೋಲಾಗುವ ನೀರನ್ನು ಹಿಡಿದಿಡಲು ಸ್ವಯಂಚಾಲಿತ ಗೇಟು ಕಂಡುಹಿಡಿದ. ನೀರು ಒಂದು ಮಟ್ಟ ದಾಟಿದರೆ ತಾನೇ ತೆರೆದುಕೊಳ್ಳಬೇಕು, ಇಳಿದರೆ ತಾನೇ ಮುಚ್ಚಿಕೊಳ್ಳಬೇಕು. ಗೋಡೆ ಎತ್ತರಿಸದೆಯೇ ಕೆರೆ ಹೆಚ್ಚು ನೀರು ಹಿಡಿಯಬೇಕು. 1903ರಲ್ಲಿ ಅದು ಮೊದಲು ಕೂತದ್ದು ಖಡಕ್‌ವಾಸ್ಲಾದಲ್ಲಿ. ಪೇಟೆಂಟೂ ಸಿಕ್ಕಿತು. ಕೃಷ್ಣರಾಜಸಾಗರ ಬಂದದ್ದು ಆಮೇಲೆ. ಸರ್ ಎಂ.ವಿ. ಎಂದರೆ ಕನ್ನಂಬಾಡಿ ಎನ್ನುವ ನಾವು ಅವರ ಮೊದಲ ಪ್ರಯೋಗಶಾಲೆಯ ದಂಡೆಯಲ್ಲಿ ಭಜಿ ತಿಂದು ವಾಪಸ್ ಬರುತ್ತೇವೆ!

ಜಾಡು ಇಲ್ಲಿಗೂ ಮುಗಿಯುವುದಿಲ್ಲ. 1961ರ ಜುಲೈ 12ರಂದು ಮೇಲಿನ ಪಾನ್‌ಶೆತ್ ಅಣೆಕಟ್ಟು ಒಡೆಯಿತು. ಅದರ ನೀರಿನ ಹೊಡೆತಕ್ಕೆ ಖಡಕ್‌ವಾಸ್ಲಾವೂ ಒಡೆಯಿತು. ಪುಣೆಯ ನದಿದಂಡೆಯ ಪೇಠ್‌ಗಳು ಮುಳುಗಿದವು. ಮನೆ ಕಳೆದುಕೊಂಡವರಿಗಾಗಿ ಗೋಖಲೆನಗರದಂಥ ಬಡಾವಣೆಗಳು ಎದ್ದವು. ನಿಮ್ಮ ರೂಮ್‌ಮೇಟ್‌ನ ಬಾಡಿಗೆ ಮನೆ ಅಲ್ಲೇ ಇದ್ದರೆ ಅವನಿಗೆ ಇದು ಗೊತ್ತಿದೆಯೇ ಕೇಳಿ.

4. ದಾಖಲೆ, ಕಥೆ, ಗಾಳಿಮಾತು: ಮೂರು ಕಾಲಂ ಹಾಕಿ

ಸ್ಪ್ರೆಡ್‌ಶೀಟ್ ತೆರೆಯಿರಿ. ಕೇಳಿದ್ದನ್ನೆಲ್ಲ ಮೂರರಲ್ಲಿ ಒಂದರೊಳಗೆ ಹಾಕಿ.

ಶನಿವಾರವಾಡಾ ತೆಗೆದುಕೊಳ್ಳಿ. 1773ರ ಆಗಸ್ಟ್ 30ರಂದು ಹದಿಹರೆಯದ ಪೇಶ್ವೆ ನಾರಾಯಣರಾವ್‌ನನ್ನು ಕಾವಲಿನ ಗಾರದಿ ಸಿಪಾಯಿಗಳು ಕೊಂದರು. ಇದು ದಾಖಲೆ. ಪತ್ರದಲ್ಲಿ "ಹಿಡಿಯಿರಿ" ಎಂದಿದ್ದುದನ್ನು ಚಿಕ್ಕಮ್ಮ ಆನಂದಿಬಾಯಿ ಒಂದಕ್ಷರ ತಿದ್ದಿ "ಕೊಲ್ಲಿರಿ" ಎಂದು ಮಾಡಿದಳು ಎನ್ನುವುದು ಕಥೆ. ಹುಣ್ಣಿಮೆ ರಾತ್ರಿ "ಕಾಕಾ, ನನ್ನನ್ನು ಉಳಿಸು" ಎಂದು ಕೂಗು ಕೇಳಿಸುತ್ತದೆ ಎನ್ನುವುದು ಗಾಳಿಮಾತು. ಯೂಟ್ಯೂಬಿಗರೆಲ್ಲ ಮೂರನೇ ಕಾಲಂನಲ್ಲೇ ಬಿಡಾರ ಹೂಡಿದ್ದಾರೆ. ಅಲ್ಲಿ ಸ್ಪರ್ಧೆ ಜಾಸ್ತಿ, ಮರ್ಯಾದೆ ಕಡಿಮೆ. ನೀವು ಮೊದಲನೆಯದಕ್ಕೆ ಹೋಗಿ. ನ್ಯಾಯಾಧೀಶ ರಾಮಶಾಸ್ತ್ರಿ ಪ್ರಭುಣೆ ಆಳುವವನನ್ನೇ, ಅಂದರೆ ಕೊಲೆಯ ನಂತರ ಪೇಶ್ವೆಯಾದ ಆ ಕಾಕಾನನ್ನೇ, ಅಪರಾಧಿ ಎಂದದ್ದು ಅಲ್ಲಿದೆ. ಯಾವ ದೆವ್ವಕ್ಕೂ ಅಷ್ಟು ಧೈರ್ಯವಿಲ್ಲ.

ಎರಡನೇ ಕಾಲಂ ಅಳಿಸಬೇಡಿ. ಊರು ತನ್ನ ಬಗ್ಗೆ ಏನು ನಂಬಲು ಇಷ್ಟಪಡುತ್ತದೆ ಎಂಬುದು ಅಲ್ಲೇ ಗೊತ್ತಾಗುತ್ತದೆ. ಹೇಳುವಾಗ "ಕಥೆ ಇದೆ" ಎಂದು ಸೇರಿಸಿ, ಸಾಕು.

5. ಟ್ರಾಫಿಕ್ ಜಾಮನ್ನು ಕ್ಲಾಸ್‌ರೂಮ್ ಮಾಡಿಕೊಳ್ಳಿ

ಯೂನಿವರ್ಸಿಟಿ ಚೌಕದಲ್ಲಿ ಸಿಕ್ಕಿಹಾಕಿಕೊಂಡಿದ್ದೀರಾ? ತಲೆ ಎತ್ತಿ. ಈ ವಿಶ್ವವಿದ್ಯಾಲಯದ ಗೋಪುರದ ಕಟ್ಟಡ ಬ್ರಿಟಿಷ್ ಗವರ್ನರರ ಬಂಗಲೆಯಾಗಿತ್ತು. 1897ರ ಜೂನ್ 22ರ ರಾತ್ರಿ ವಿಕ್ಟೋರಿಯಾ ರಾಣಿಯ ವಜ್ರಮಹೋತ್ಸವದ ಔತಣ ಮುಗಿಸಿ ಹೊರಟ ಪ್ಲೇಗ್ ಅಧಿಕಾರಿ ರ್‍ಯಾಂಡ್‌ಗೆ ಚಾಪೇಕರ್ ಸಹೋದರರು ಗುಂಡು ಹೊಡೆದದ್ದು ಇದೇ ಗಣೇಶ್‌ಖಿಂಡ್ ರಸ್ತೆಯಲ್ಲಿ. ಪ್ಲೇಗ್ ತಪಾಸಣೆಯ ಹೆಸರಲ್ಲಿ ಸೋಲ್ಜರ್‌ಗಳು ಮನೆಮನೆಗೆ ನುಗ್ಗಿದ್ದರ ಸಿಟ್ಟು ಅದು. ಕೋವಿಡ್ ಕಾಲದ ಕ್ವಾರಂಟೈನ್ ನೋಡಿದ ನಿಮಗೆ ಆ ಸಿಟ್ಟಿನ ಬಿಸಿಯನ್ನು ಬಿಡಿಸಿ ಹೇಳಬೇಕಿಲ್ಲ. ಸಿಗ್ನಲ್ ಬಿಡುವಷ್ಟರಲ್ಲಿ ಒಂದು ನೋಟ್ ಟೈಪ್ ಮಾಡಿ. (ಬೈಕ್ ಓಡಿಸುತ್ತಿದ್ದರೆ ಬೇಡ.)

6. ಗೆಝೆಟಿಯರ್ ತೆರೆಯಿರಿ, ಹಳೆಯ ಸ್ಪೆಲಿಂಗ್‌ನಲ್ಲಿ ಹುಡುಕಿ

ಬಾಂಬೆ ಪ್ರೆಸಿಡೆನ್ಸಿ ಗೆಝೆಟಿಯರ್‌ನ 18ನೇ ಸಂಪುಟ ಪೂರ್ತಿ ಪುಣೆಯದು. 1885ರಲ್ಲಿ ಮೂರು ಭಾಗವಾಗಿ ಬಂತು. ಒಂದೊಂದು ಪೇಠ್, ಗುಡಿ, ತೊಟ್ಟಿ, ಮಾರುಕಟ್ಟೆಯ ವಿವರ ಅದರಲ್ಲಿದೆ. ಆನ್‌ಲೈನ್‌ನಲ್ಲಿ ಉಚಿತ. ಓದುವವರು ಕಡಿಮೆ, ಅದೇ ನಿಮ್ಮ ಲಾಭ. ಮೊದಲ ಪುಟದಿಂದ ಓದಲು ಕೂತರೆ ಮೂರನೇ ದಿನ ಕೈಬಿಡುತ್ತೀರಿ. ಇಂಡೆಕ್ಸ್‌ನಿಂದ ಒಳಗೆ ಹೋಗಿ. ಸರ್ಚ್ ಮಾಡುವಾಗ "ಪುಣೆ" ಬೇಡ, "ಪೂನಾ" ಹಾಕಿ. "ಖಡಕಿ" ಬೇಡ, "ಕಿರ್ಕೀ" ಹಾಕಿ. ಇಷ್ಟು ಮಾಡದೆ "ಏನೂ ಸಿಗಲಿಲ್ಲ" ಎನ್ನುವವರೇ ಜಾಸ್ತಿ.

ಓದುವಾಗ ಒಂದು ಎಚ್ಚರ. ಬರೆದವರು ಆಳುವವರು. ತೆರಿಗೆಯ ಲೆಕ್ಕದಲ್ಲಿ ಅವರು ಪಕ್ಕಾ, ಜನರ ಸ್ವಭಾವದ ಬಗ್ಗೆ ಬರೆದದ್ದು ಬಹಳ ಕಡೆ ಅಸಂಬದ್ಧ. ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡಕ್ಕೂ ಇದೇ ಸರಣಿಯಲ್ಲಿ ಸಂಪುಟಗಳಿವೆ. ದೀಪಾವಳಿಗೆ ಊರಿಗೆ ಹೋಗುವ ಮುಂಚೆ ನಿಮ್ಮ ತಾಲ್ಲೂಕಿನ ಪುಟ ಓದಿಕೊಂಡು ಹೋಗಿ.

7. ಕಲ್ಲು ಕಂಡರೆ ನಿಲ್ಲಿ

ಹಳೆಯ ಗುಡಿಗಳ ಅಂಗಳದಲ್ಲಿ, ಅರಳಿಕಟ್ಟೆಯ ಬುಡದಲ್ಲಿ, ಸಿಂಹಗಡದ ಆಸುಪಾಸಿನ ಹಳ್ಳಿಗಳಲ್ಲಿ ಕೆತ್ತನೆಯ ಕಲ್ಲು ಕಂಡರೆ ಅದು ವೀರಗಲ್ಲು ಆಗಿರಬಹುದು. ಕೆಳಗಿನಿಂದ ಮೇಲಕ್ಕೆ ಓದಿ. ತಳದ ಪಟ್ಟಿಯಲ್ಲಿ ಹೋರಾಟ, ಕೆಲವೊಮ್ಮೆ ಪಕ್ಕದಲ್ಲೇ ದನಗಳ ಸಾಲು. ನಡುವೆ ಅಪ್ಸರೆಯರು ವೀರನನ್ನು ಕೈಹಿಡಿದು ಒಯ್ಯುತ್ತಿರುತ್ತಾರೆ. ಮೇಲೆ ಅವನು ಶಿವಲಿಂಗದ ಮುಂದೆ ಕೂತಿರುತ್ತಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಬಳೆ ತೊಟ್ಟು ಮೇಲೆತ್ತಿದ ಕೈ ಒಂದೇ ಇದ್ದರೆ ಅದು ಸತಿಕಲ್ಲು. ಕರ್ನಾಟಕದ ಹಳ್ಳಿಯಿಂದ ಬಂದವರಿಗೆ ಇದು ಹೊಸದಲ್ಲ, ಕಣ್ಣು ಈಗಾಗಲೇ ಪಳಗಿದೆ. ಬಳಸಿ.

ಫೋಟೊ ಮಧ್ಯಾಹ್ನ ತೆಗೆಯಬೇಡಿ. ಬೆಳಗಿನ ಓರೆ ಬಿಸಿಲಲ್ಲಿ ತೆಗೆಯಿರಿ, ಇಲ್ಲವೇ ಕತ್ತಲಾದ ಮೇಲೆ ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಸವೆದ ಗೆರೆಗೂ ನೆರಳು ಬಿದ್ದು ಎದ್ದು ಕಾಣುತ್ತದೆ. ಚಾಕ್‌ಪೀಸ್ ಉಜ್ಜುವುದು, ಎಣ್ಣೆ ಹಚ್ಚುವುದು, ಪೇಂಟ್ ಬಳಿಯುವುದು ಖಡಾಖಂಡಿತ ಬೇಡ.

"ನಾನು ಇತಿಹಾಸ ಓದಿದವನಲ್ಲ" ಅನ್ನುತ್ತೀರಾ? ಬೆಂಗಳೂರಿನ ಪಿ.ಎಲ್. ಉದಯ ಕುಮಾರ್ ಮೆಕ್ಯಾನಿಕಲ್ ಎಂಜಿನಿಯರ್. ಎಪಿಗ್ರಾಫಿಯಾ ಕರ್ನಾಟಿಕದ ನೂರು ವರ್ಷ ಹಳೆಯ ಪಟ್ಟಿ ಹಿಡಿದು, ಅದರಲ್ಲಿದ್ದ ಶಾಸನದ ಕಲ್ಲುಗಳು ಈಗ ಎಲ್ಲಿವೆ ಎಂದು ಗಲ್ಲಿಗಲ್ಲಿ ಹುಡುಕಲು ಹೊರಟರು. 2018ರಲ್ಲಿ ಹೆಬ್ಬಾಳದಲ್ಲಿ ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲು ಬೆಳಕಿಗೆ ಬಂತು. ಈಗ ಮಿಥಿಕ್ ಸೊಸೈಟಿಯ ಯೋಜನೆಯಲ್ಲಿ ಬೆಂಗಳೂರಿನ ಶಾಸನಗಳು ಒಂದೊಂದಾಗಿ 3ಡಿ ಸ್ಕ್ಯಾನ್ ಆಗುತ್ತಿವೆ. ಪದವಿ ಕೇಳುವ ಕೆಲಸ ಅಲ್ಲ ಇದು, ಹಟ ಕೇಳುವ ಕೆಲಸ.

8. ಬಾಗಿಲು ತಟ್ಟಿ

ಪುಣೆಯಷ್ಟು ಇತಿಹಾಸ ಸಂಸ್ಥೆಗಳಿರುವ ಊರು ದೇಶದಲ್ಲಿ ಕಡಿಮೆ. ಸದಾಶಿವ್ ಪೇಠ್‌ನಲ್ಲಿ 1910ರಲ್ಲಿ ರಾಜವಾಡೆ ಮತ್ತು ಮೆಹೆಂದಳೆ ಕಟ್ಟಿದ ಭಾರತ ಇತಿಹಾಸ ಸಂಶೋಧಕ ಮಂಡಳ. ಮಹಾಭಾರತದ ಸಂಶೋಧಿತ ಆವೃತ್ತಿ ತಂದ, 1917ರ ಭಂಡಾರ್ಕರ್ ಸಂಸ್ಥೆ. ಪುರಾತತ್ತ್ವಕ್ಕೆ ಡೆಕ್ಕನ್ ಕಾಲೇಜು. ಮರಾಠಿಯ ಹಳೆಯ ಮೋಡಿ ಲಿಪಿಯ ಕಾಗದಗಳು ಕಟ್ಟುಕಟ್ಟಾಗಿರುವ ಪೇಶ್ವೆ ದಫ್ತರ್. ಮೋಡಿ ಕಲಿಸುವ ತರಗತಿಗಳು ಊರಲ್ಲಿ ನಡೆಯುತ್ತವೆ, ಸೇರಿಕೊಳ್ಳಿ. ಆ ಲಿಪಿ ಓದಬಲ್ಲವರು ಈಗ ವಿರಳ. ವಿರಳವಾದದ್ದಕ್ಕೆ ಬೆಲೆ ಇದ್ದೇ ಇದೆ.

ಇವೆಲ್ಲ ಭಾರಿಯೆನಿಸಿದರೆ ಶುಕ್ರವಾರ್ ಪೇಠ್‌ನ ರಾಜಾ ಕೇಳ್ಕರ್ ಮ್ಯೂಸಿಯಂನಿಂದ ಶುರು ಮಾಡಿ. ದಿನಕರ ಕೇಳ್ಕರ್ ಕವಿ, ಕನ್ನಡಕದ ಅಂಗಡಿಯವರು. ಊರೂರು ತಿರುಗಿ ಅಡಕತ್ತರಿ, ದೀಪ, ಮಸಿಕುಡಿಕೆ, ಬಾಗಿಲ ಚೌಕಟ್ಟು ಒಟ್ಟುಮಾಡಿದರು. ಯಾರ ಮನೆಯ ಅಟ್ಟದಲ್ಲೂ ಸಿಗುವ ಸಾಮಾನು! ಏಳೇ ವರ್ಷಕ್ಕೆ ತೀರಿಕೊಂಡ ಮಗ ರಾಜಾನ ಹೆಸರನ್ನು ಮ್ಯೂಸಿಯಂಗೆ ಇಟ್ಟರು. ಅಲ್ಲಿ ಅಡಕತ್ತರಿಗಳ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಹೆಣ್ಣಿನಾಕಾರ, ಹಕ್ಕಿಯಾಕಾರ, ಕುದುರೆಯಾಕಾರ. ಅಡಿಕೆ ಕತ್ತರಿಸುವ ಎರಡು ಅಲಗಿಗೆ ಇಷ್ಟು ಕುಸುರಿ ಮಾಡಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

9. ಹಿರಿಯರಿಗೆ ಸಣ್ಣ ಪ್ರಶ್ನೆ ಕೇಳಿ

"ಹಳೇ ಪುಣೆ ಬಗ್ಗೆ ಹೇಳಿ ಅಜ್ಜಾ" ಎಂದರೆ "ಆಗ ಎಲ್ಲ ಚೆನ್ನಾಗಿತ್ತು" ಎಂಬ ಉತ್ತರ ಬರುತ್ತದೆ. "ಅರವತ್ತೊಂದರಲ್ಲಿ ನೀರು ಎಷ್ಟನೇ ಮೆಟ್ಟಿಲವರೆಗೆ ಬಂತು?" ಎಂದು ಕೇಳಿ, ಎದ್ದು ಬಂದು ಗೋಡೆ ಮುಟ್ಟಿ ತೋರಿಸುತ್ತಾರೆ. ಅಜ್ಜಿಯನ್ನು ಬೇರೆಯಾಗಿ ಕೇಳಿ. ಅಜ್ಜನಿಗೆ ಸೇತುವೆ ನೆನಪಿದ್ದರೆ ಅಜ್ಜಿಗೆ ಆ ರಾತ್ರಿ ಯಾರ ಮನೆಯಲ್ಲಿ ಉಂಡೆವು ಎಂಬುದು ನೆನಪಿರುತ್ತದೆ. ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿ. ಮಧ್ಯಾಹ್ನ 1ರಿಂದ 4 ಯಾರ ಬಾಗಿಲೂ ತಟ್ಟಬೇಡಿ, ಇದು ಪುಣೆ.

10. ಎಫ್.ಸಿ. ರೋಡ್‌ನಲ್ಲಿ ಬರೀ ದೋಸೆ ತಿನ್ನಬೇಡಿ

ತಿನ್ನಿ, ಜೊತೆಗೆ ಕೇಳಿ. ವೈಶಾಲಿಯ ಮುಂದೆ ಕ್ಯೂ ನಿಲ್ಲುತ್ತೀರಲ್ಲ, ಅದನ್ನು ಕಟ್ಟಿದ ಜಗನ್ನಾಥ ಶೆಟ್ಟರು ಕಾರ್ಕಳ ಕಡೆಯವರು. ಮೊದಲು ಅದರ ಹೆಸರು ಮದ್ರಾಸ್ ಹೆಲ್ತ್ ಹೋಮ್. ಅದೇ ರಸ್ತೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಬೇಂದ್ರೆ ಬಿ.ಎ. ಮಾಡಿದರು, ಆಲೂರು ವೆಂಕಟರಾಯರು ಓದಿದರು, ಗೋಕಾಕರು ಪಾಠ ಹೇಳಿದರು. ಕರ್ನಾಟಕ ಏಕೀಕರಣದ ಕನಸು ಕಂಡ ಆಲೂರರು ಡಿಗ್ರಿಗೆ ನಡೆದಾಡಿದ ಫುಟ್‌ಪಾತ್ ಮೇಲೆ ನಾವು ಸೆಲ್ಫಿ ತೆಗೆಯುತ್ತೇವೆ, ಹಿಂದೆ ಏನಿದೆ ಎಂದು ತಿರುಗಿ ನೋಡುವುದಿಲ್ಲ. ಕನ್ನಡಿಗರ ಪುಣೆ ಎಂಬುದೇ ಒಂದು ಪೂರ್ತಿ ಪುಸ್ತಕದ ವಿಷಯ. ನೀವೇ ಬರೆಯಿರಿ.

11. ಮುಂದಿನ ತಿಂಗಳು ಎನ್ನಬೇಡಿ

ಬುಧವಾರ್ ಪೇಠ್‌ನ ಭಿಡೆ ವಾಡಾದಲ್ಲಿ 1848ರಲ್ಲಿ ಸಾವಿತ್ರಿಬಾಯಿ ಮತ್ತು ಜೋತಿರಾವ್ ಫುಲೆ ಹೆಣ್ಣುಮಕ್ಕಳ ಶಾಲೆ ತೆರೆದರು. ದಗಡೂಶೇಠ್ ಗಣಪತಿಗೆ ಬಂದ ಲಕ್ಷಾಂತರ ಜನ ಎದುರಿನ ಆ ಮುರುಕಲು ಕಟ್ಟಡದತ್ತ ಕಣ್ಣೆತ್ತದೆ ಹೋದರು. ಸ್ಮಾರಕ ಕಟ್ಟಲೆಂದು 2023ರ ಡಿಸೆಂಬರ್‌ನಲ್ಲಿ ಅದನ್ನು ಕೆಡವಿದರು. ಸ್ಮಾರಕ ಬರಲಿ, ಒಳ್ಳೆಯದೇ. ಆದರೆ ಆ ಮೆಟ್ಟಿಲು, ಆ ಕಿಟಕಿ ಹೇಗಿದ್ದವು ಎಂದು ಈಗ ಹಳೆಯ ಫೋಟೊಗಳನ್ನೇ ಕೇಳಬೇಕು. ಅಲ್ಲಿಂದ ಸ್ವಲ್ಪ ನಡೆದರೆ ಮಂಡಯಿ. 1886ರಲ್ಲಿ ತೆರೆದಾಗ ಗವರ್ನರ್ ರೇ ಹೆಸರಿನ ಮಾರುಕಟ್ಟೆ. ಅಷ್ಟು ಖರ್ಚು ಯಾಕೆ, ಆ ದುಡ್ಡು ಶಿಕ್ಷಣಕ್ಕೆ ಹೋಗಲಿ ಎಂದು ಪುರಸಭೆಯಲ್ಲಿ ವಿರೋಧಿಸಿದವರು ಫುಲೆ. ಈಗ ಅದರ ಹೆಸರು ಮಹಾತ್ಮಾ ಫುಲೆ ಮಂಡಯಿ!

ಆದ್ದರಿಂದ ಈ ಭಾನುವಾರವೇ. ಬೆಳಿಗ್ಗೆ 7ಕ್ಕೆ ಪಾತಾಳೇಶ್ವರ, ಅಲ್ಲಿಂದ ಶನಿವಾರವಾಡಾ, ಬುಧವಾರ್ ಪೇಠ್, ಮಂಡಯಿ. ಎಲ್ಲವೂ ನಡೆಯುವ ದೂರದಲ್ಲಿವೆ. ಪ್ರತಿ ಜಾಗದಲ್ಲಿ ಒಂದು ದೂರದ ಫೋಟೊ, ಒಂದು ಹತ್ತಿರದ ಫೋಟೊ, ಒಂದು ಬೋರ್ಡಿನ ಫೋಟೊ. ಫೈಲ್ ಹೆಸರಲ್ಲಿ ತಾರೀಖು ಮೊದಲು, ಜಾಗ ಆಮೇಲೆ. ರಾತ್ರಿಯೊಳಗೆ 300 ಪದ ಬರೆದು ಒಬ್ಬ ಮರಾಠಿ ಸಹೋದ್ಯೋಗಿಗೆ ಓದಿ ಹೇಳಿ. ಅವನು "ಇದು ನನಗೇ ಗೊತ್ತಿರಲಿಲ್ಲ" ಎಂದರೆ ಎರಡನೇ ಭಾನುವಾರದ ಪ್ಲಾನ್ ಹಾಕಿ. "ತಪ್ಪು" ಎಂದರೆ ಇನ್ನೂ ಒಳ್ಳೆಯದು: ಯಾವ ಸಾಲು ತಪ್ಪು, ಯಾರು ಹೇಳಿದ್ದು, ಎಲ್ಲಿ ಬರೆದಿದೆ ಎಂದು ಕೇಳಿ, ಸ್ಪ್ರೆಡ್‌ಶೀಟ್‌ಗೆ ಹೊಸ ಸಾಲು ಸೇರಿಸಿ.